ಚೆಕ್ ಇಂಜಿನ್ ಲೈಟ್ ಮೇಲೊಂದು ಸ್ಟಿಕ್ಕರ್ ಬೊಟ್ಟು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಎಲ್ಲಿದ್ದೀರಾ? ಮೆಟ್ರೋದಲ್ಲಾ, ಬಸ್ಸಲ್ಲಾ, ಇಲ್ಲಾ ರಾತ್ರಿ ಊಟ ಮುಗಿಸಿ ಪಾತ್ರೆ ತೊಳೀತಾ ಕೇಳ್ತಿದ್ದೀರಾ? ಎಲ್ಲಿದ್ರೂ ಸರಿ, ಬನ್ನಿ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಓದಿರೋದು ಬಿ.ಕಾಂ. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅಂತ ಕೇಳಿದ್ರೆ ನಿದ್ದೆಯಲ್ಲೂ ಹೇಳ್ತೀನಿ. ಕಾರಿನ ಬಾನೆಟ್ ಕೆಳಗೆ ಏನಿದೆ ಅಂತ ಕಳೆದ ಜುಲೈವರೆಗೂ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಇವತ್ತು ಮೆಕ್ಯಾನಿಕ್ ಪಾಠ ಮಾಡ್ತಿಲ್ಲ. ನಮ್ಮನೆ ಕಾರು ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡಿದಾಗ ಐದು ದಿನ ನಾನು ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಎಲ್ಲಿ ಸುಮ್ಮನೆ ಕೈ ತೆಗೆದೆ, ಅಷ್ಟನ್ನು ಹೇಳ್ತೀನಿ. ನಿಮ್ಮ ಮನೆಯಲ್ಲೂ ಹಳೇ ಪೆಟ್ರೋಲ್ ಗಾಡಿ ಇದ್ರೆ ಉಪಯೋಗಕ್ಕೆ ಬರುತ್ತೆ.

ನಾವಿರೋದು ತಲಘಟ್ಟಪುರದಲ್ಲಿ. ಕನಕಪುರ ರಸ್ತೆ, ನೈಸ್ ರೋಡ್ ಜಂಕ್ಷನ್ ಗೊತ್ತಲ್ಲ, ಅಲ್ಲಿಂದ ಸ್ವಲ್ಪ ಒಳಗೆ. 2021ರ ಜನವರಿಯಲ್ಲಿ ನಮ್ಮೂರಿಗೆ ಮೆಟ್ರೋ ಬಂತು. ಆದ್ರೂ ಮನೆಗೆ ಕಾರು ಬೇಕೇ ಬೇಕು, ಯಾಕಂದ್ರೆ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಸೋಮವಾರ, ಗುರುವಾರ ಜಯನಗರದಲ್ಲಿ ಫಿಸಿಯೋಥೆರಪಿ. ಆಟೋ ಹತ್ತಿ ಇಳಿಯೋದು ಅವಳಿಗೆ ಕಷ್ಟ, ಕಾಲು ಚಾಚೋಕಾಗಲ್ಲ. ಕಾರು 2014ರ ಮಾಡೆಲ್, ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿ. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅವರೇ ಓಡಿಸ್ತಾರೆ, ಅವರೇ ತೊಳೀತಾರೆ. ನಾನು ಹಿಂದಿನ ಸೀಟಿನ ಗಿರಾಕಿ.

ಒಂದು ಶನಿವಾರ ಸಂಜೆ ಕೋಣನಕುಂಟೆ ಕ್ರಾಸ್ ಕಡೆ ಹೋಗಬೇಕಿತ್ತು. ಅಪ್ಪನಿಗೆ ಜ್ವರ, ನಾನೇ ಕೀ ತಗೊಂಡೆ. ಸ್ಟಾರ್ಟ್ ಮಾಡಿದ ತಕ್ಷಣ ಸ್ಟಿಯರಿಂಗ್ ನಡುಗ್ತಿದೆ. ಹಳೇ ಗಾಡಿ ಅಲ್ವಾ ಅಂತ ಸುಮ್ಮನಾದೆ. ಸಿಗ್ನಲ್‌ನಲ್ಲಿ ನಿಂತಾಗ ಇಡೀ ಗಾಡಿ ಚಳಿ ಹಿಡಿದವರ ಹಾಗೆ ಅಲುಗಾಡೋಕೆ ಶುರುವಾಯ್ತು. ಆಕ್ಸಿಲರೇಟರ್ ಒತ್ತಿದ್ರೆ ಪಿಕಪ್ ಇಲ್ಲ, ಹಿಂದಿನವರು ಹಾರ್ನ್ ಹೊಡೀತಿದ್ದಾರೆ. ಮೀಟರ್ ಬೋರ್ಡ್ ನೋಡ್ತೀನಿ, ಏನೂ ವಾರ್ನಿಂಗ್ ಇಲ್ಲ. ಆದ್ರೆ ಒಂದು ಮೂಲೆಯಲ್ಲಿ ಕಪ್ಪಗೆ, ದುಂಡಗೆ ಏನೋ ಅಂಟಿಕೊಂಡಿದೆ. ಉಗುರಲ್ಲಿ ಕೆರೆದು ನೋಡಿದ್ರೆ ಅಮ್ಮನ ಸ್ಟಿಕ್ಕರ್ ಬೊಟ್ಟು. ಅದರ ಕೆಳಗೆ ಹಳದಿ ಬಣ್ಣದ ಇಂಜಿನ್ ಚಿತ್ರ, ಮಿಣಿಮಿಣಿ ಅಂತ ಮಿನುಗ್ತಾ ಇತ್ತು.

ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ. ಸ್ವಲ್ಪ ಹೊತ್ತು ಬಿಟ್ಟು ನಿಧಾನಕ್ಕೆ ಮನೆಗೆ ತಂದೆ.

"ಅಪ್ಪಾ, ಇದನ್ನ ಅಂಟಿಸಿದ್ದು ಯಾರು?"

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಶರ್ಟಿನ ಜೇಬಿಂದ ನಾಲ್ಕು ಮಡಿಕೆ ಮಾಡಿದ ಚೀಟಿ ತೆಗೆದು ಕೊಟ್ಟರು. ಹನ್ನೊಂದು ದಿನದ ಹಿಂದೆ ಒಂದು ಗ್ಯಾರೇಜಿಗೆ ಹೋಗಿದ್ರಂತೆ. ಎಸ್ಟಿಮೇಟ್ ಹೀಗಿತ್ತು: ಕ್ಯಾಟಲಿಟಿಕ್ ಕನ್ವರ್ಟರ್ 24,000. ಇಗ್ನಿಷನ್ ಕಾಯಿಲ್ ಮೂರು, 7,200. ಇಂಜೆಕ್ಟರ್ ಕ್ಲೀನಿಂಗ್ 3,300. ಸ್ಪಾರ್ಕ್ ಪ್ಲಗ್ ಮೂರು, 1,500. ಲೇಬರ್ 5,500. ಒಟ್ಟು 41,500 ರೂಪಾಯಿ.

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೆಲಸ ಬಿಟ್ಟಿದ್ದೀಯ. ಹೇಳಿದ್ರೆ ಸುಮ್ಮನೆ ತಲೆ ಕೆಡಿಸ್ಕೋತಿದ್ದೆ. ಆ ಲೈಟ್ ನೋಡಿದಾಗೆಲ್ಲ ನಿಮ್ಮಮ್ಮ ಬೇರೆ ಹೆದರ್ಕೋತಾಳೆ. ಅದಕ್ಕೇ ಮುಚ್ಚಿದೆ."

ಆಡಿಟ್ ಆಫೀಸಿನ ಕೆಲಸ ಬಿಟ್ಟು ನಾನು ಈ ಮೈಕ್ ಮುಂದೆ ಕೂತು ಹದಿನಾಲ್ಕು ತಿಂಗಳಾಗಿತ್ತು. ಅಪ್ಪ ಒಂದು ದಿನಾನೂ ಅದರ ಬಗ್ಗೆ ಏನೂ ಅಂದಿರಲಿಲ್ಲ. ಅವತ್ತೂ ಬೈಯಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟೇ.

ಮಿನುಗೋ ಲೈಟು, ಉರಿಯೋ ಲೈಟು

ನಿದ್ದೆ ಬರದಿದ್ರೆ ನಮ್ಮ ಪೀಳಿಗೆ ಏನು ಮಾಡುತ್ತೆ? ಫೋನ್ ತೆಗೆದು ಓದುತ್ತೆ. ಮೊದಲು ತಿಳಿದಿದ್ದು ಇದು, ಇದನ್ನ ಮಾತ್ರ ದಯವಿಟ್ಟು ನೆನಪಿಟ್ಕೊಳ್ಳಿ.

ಚೆಕ್ ಇಂಜಿನ್ ಲೈಟ್ ಒಂದೇ ಸಮನೆ ಉರೀತಿದ್ರೆ, ಗಾಡಿ ಮಾಮೂಲಾಗಿ ಓಡ್ತಿದ್ರೆ, ಆದಷ್ಟು ಬೇಗ ತೋರಿಸಿ ಅಂತ ಅರ್ಥ. ಗಾಬರಿ ಬೇಡ. ಅದೇ ಲೈಟ್ ಮಿನುಗ್ತಿದ್ರೆ, ಇಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೀತಿದೆ, ಈ ಕ್ಷಣದಲ್ಲೇ ಏನೋ ಹಾಳಾಗ್ತಿದೆ ಅಂತ ಅರ್ಥ. ಸುರಕ್ಷಿತವಾದ ಜಾಗ ನೋಡಿ ನಿಲ್ಲಿಸಬೇಕು. ಇನ್ನು ಕೆಂಪು ಬಣ್ಣದ ಆಯಿಲ್ ಲೈಟೋ, ಟೆಂಪರೇಚರ್ ಲೈಟೋ ಬಂದ್ರೆ ಅದು ಬೇರೆ ಕಥೆ, ತಕ್ಷಣ ಇಂಜಿನ್ ಆಫ್.

ಹಾಳಾಗೋದು ಏನು? ಮಿಸ್‌ಫೈರ್ ಅಂದ್ರೆ ಸಿಲಿಂಡರಿನೊಳಗೆ ಹೋದ ಪೆಟ್ರೋಲ್ ಉರಿಯದೆ ಹಾಗೇ ಆಚೆ ಬರೋದು. ಅದು ನೇರವಾಗಿ ಸೈಲೆನ್ಸರ್ ಪೈಪಿಗೆ ಹೋಗುತ್ತೆ. ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬ ಇರುತ್ತೆ. ಅದರೊಳಗೆ ಜೇನುಗೂಡಿನ ತರಹದ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಬೆಲೆ ಯಾಕೆ 24,000 ಅಂತ ಈಗ ಗೊತ್ತಾಯ್ತಲ್ಲ? ಹೊಗೆಯಲ್ಲಿರೋ ವಿಷಾನಿಲವನ್ನ ಕಡಿಮೆ ಮಾಡೋದು ಅದರ ಕೆಲಸ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿಯೋಕೆ ಶುರುವಾದ್ರೆ ಬಿಸಿ ವಿಪರೀತ ಏರುತ್ತೆ, ಜೇನುಗೂಡು ಕರಗಿ ಕಟ್ಟಿಕೊಳ್ಳಬಹುದು. ಅಂದ್ರೆ ಇನ್ನೂರು ರೂಪಾಯಿ ಪ್ಲಗ್ಗಿನ ತೊಂದರೆಯನ್ನ ಮುಚ್ಚಿಟ್ರೆ ಅದು ಇಪ್ಪತ್ತು ಸಾವಿರದ ತೊಂದರೆ ಆಗಬಹುದು. ಅಪ್ಪ ಅಂಟಿಸಿದ ಬೊಟ್ಟು ಆ ಕೆಲಸ ಮಾಡ್ತಿತ್ತು.

ಈ ಲೈಟ್ ಹುಟ್ಟಿದ ಕಥೇನೂ ಚೆನ್ನಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಹೊಗೆ ಅತಿಯಾದಾಗ, ಹೊಗೆ ಹೆಚ್ಚಾದ್ರೆ ಗಾಡಿಯೇ ಹೇಳಬೇಕು ಅಂತ ಅಲ್ಲಿನ ಸರ್ಕಾರ ನಿಯಮ ಮಾಡಿತು. 1996ರ ಮಾಡೆಲ್‌ನಿಂದ ಅಮೆರಿಕದಲ್ಲಿ ಮಾರಾಟವಾಗೋ ಎಲ್ಲಾ ಕಾರುಗಳಲ್ಲೂ ಒಬಿಡಿ-2 ಅನ್ನೋ ಒಂದೇ ಪದ್ಧತಿ ಬಂತು. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಕಾರುಗಳಿಗೆ ಒಬಿಡಿ-2 ಕಡ್ಡಾಯ ಆಯ್ತು. ನಮ್ಮ ಕಾರು 2014ರದ್ದು, ಸರಿಯಾಗಿ ಆ ಲೆಕ್ಕಕ್ಕೆ ಸಿಗುತ್ತೆ. ಸ್ಟಿಯರಿಂಗ್ ಕೆಳಗೆ, ಡ್ರೈವರ್ ಕಾಲಿನ ಮೇಲ್ಭಾಗದಲ್ಲಿ ಕೈ ಆಡಿಸಿ ನೋಡಿ. ಹದಿನಾರು ಪಿನ್ನಿನ ಒಂದು ಸಾಕೆಟ್ ಸಿಗುತ್ತೆ. ಗಾಡಿಯ ಕಂಪ್ಯೂಟರ್, ಅಂದ್ರೆ ಇಸಿಯು, ಅಲ್ಲಿಂದ ಮಾತಾಡುತ್ತೆ.

ಅದರ ಮಾತು ಕೇಳೋಕೆ ಬೇಕಾಗಿರೋದು ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಸ್ಕ್ಯಾನರ್. ಇಎಲ್ಎಂ 327 ಅಂತ ಹುಡುಕಿದ್ರೆ ಆನ್‌ಲೈನಲ್ಲಿ ಸಿಗುತ್ತೆ, ನಾನು ಕೊಟ್ಟಿದ್ದು 899 ರೂಪಾಯಿ. ಒಂದು ಎಚ್ಚರ: ಕಡಿಮೆ ಬೆಲೆಯ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಬಹಳಷ್ಟು ಆಂಡ್ರಾಯ್ಡ್‌ಗೆ ಮಾತ್ರ. ಐಫೋನ್ ಇರೋರು ಐಫೋನಿಗೆ ಆಗುತ್ತಾ ಅಂತ ನೋಡಿ ತಗೊಳ್ಳಿ. ಕೆಲಸ ಆದ್ಮೇಲೆ ಸಾಕೆಟ್‌ನಿಂದ ಕಿತ್ತಿಡಿ, ಇಲ್ಲಾಂದ್ರೆ ನಿಂತ ಗಾಡಿಯ ಬ್ಯಾಟರಿ ತಿನ್ನುತ್ತೆ.

ಪಿ0302

ಸ್ಕ್ಯಾನರ್ ಸೋಮವಾರ ಮಧ್ಯಾಹ್ನ ಬಂತು. ಬೆಳಗ್ಗೆ ಅಮ್ಮನನ್ನ ಆಟೋದಲ್ಲೇ ಕರ್ಕೊಂಡು ಹೋಗಿ ಬಂದಿದ್ದೆ. ಹೋಗಿ ಬರೋಕೆ 600 ರೂಪಾಯಿ. ದಾರಿಯುದ್ದಕ್ಕೂ ಪ್ರತಿ ಹಂಪಿಗೂ ಅವಳು ನನ್ನ ಕೈ ಗಟ್ಟಿಯಾಗಿ ಹಿಡ್ಕೋತಿದ್ದಳು.

ಕೀ ಆನ್ ಮಾಡಿ, ಆ್ಯಪ್ ತೆಗೆದು, ಕೋಡ್ ಓದಿದೆ. ಬಂದಿದ್ದು ಪಿ0302. ಇದನ್ನ ಬಿಡಿಸಿ ಓದೋದು ಸುಲಭ. ಪಿ ಅಂದ್ರೆ ಪವರ್‌ಟ್ರೇನ್, ಇಂಜಿನ್ ಮತ್ತು ಗೇರ್ ಕಡೆಯ ವಿಷಯ. ಆಮೇಲಿನ ಸೊನ್ನೆ ಅಂದ್ರೆ ಯಾವ ಕಂಪನಿಯ ಗಾಡಿಗಾದ್ರೂ ಒಂದೇ ಅರ್ಥ. 3 ಅಂದ್ರೆ ಇಗ್ನಿಷನ್ ಅಥವಾ ಮಿಸ್‌ಫೈರ್. ಕೊನೆಯ 02, ಎರಡನೇ ಸಿಲಿಂಡರ್. ಪಿ0301 ಅಂದ್ರೆ ಒಂದನೇದು, ಪಿ0303 ಅಂದ್ರೆ ಮೂರನೇದು. ಪಿ0300 ಬಂದ್ರೆ ಯಾವುದೋ ಒಂದು ಅಂತ ಹೇಳೋಕಾಗದೆ ಅಲ್ಲಲ್ಲಿ ಮಿಸ್ ಆಗ್ತಿದೆ ಅಂತ.

ಗಾಡಿಗೆ ಇದು ಹೇಗೆ ಗೊತ್ತಾಗುತ್ತೆ? ಕ್ರ್ಯಾಂಕ್ ಶಾಫ್ಟ್ ಪಕ್ಕದಲ್ಲಿ ಒಂದು ಸೆನ್ಸರ್ ಇದೆ, ತಿರುಗೋ ವೇಗವನ್ನ ಅಳೀತಾ ಇರುತ್ತೆ. ಗಾಡಿ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗ್ತಿದೆ ಅಂದ್ಕೊಳ್ಳಿ. ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತೆ. ಅಂದ್ರೆ ಒಂದೊಂದು ನಿಮಿಷಕ್ಕೆ 400 ಸಲ, ಮೂರೂ ಸೇರಿ 1,200 ಸಲ. ಒಂದು ಉರೀದಿದ್ರೆ ಆ ಗಳಿಗೆಯಲ್ಲಿ ವೇಗ ಒಂಚೂರು ಕುಗ್ಗುತ್ತೆ. ಅದನ್ನ ಇಸಿಯು ಎಣಿಸ್ಕೊಳ್ಳುತ್ತೆ.

ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಅಂತ ಇನ್ನೊಂದು ಪುಟ ಇರುತ್ತೆ. ತೊಂದರೆ ದಾಖಲಾದ ಹೊತ್ತಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು ಅಂತ. ನಮ್ಮದರಲ್ಲಿ ಕೂಲಂಟ್ 29 ಡಿಗ್ರಿ, ವೇಗ ಸೊನ್ನೆ. ಅಂದ್ರೆ ಬೆಳಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿದ ತಕ್ಷಣ ದಾಖಲಾಗಿದ್ದು. ಮಳೆಗಾಲ, ತೇವ, ತಣ್ಣಗಿನ ಇಂಜಿನ್. ಇದು ಒಳ್ಳೇ ಸುಳಿವು. ನಾನು ಸ್ಕ್ರೀನ್‌ಶಾಟ್ ತಗೊಂಡೆ, ಆದ್ರೆ ತಲೆಗೆ ಹಾಕ್ಕೊಳ್ಳಲಿಲ್ಲ.

ಈಗ ನನ್ನ ತಪ್ಪು ಕೇಳಿ. ಎರಡನೇ ಸಿಲಿಂಡರ್ ಮಿಸ್‌ಫೈರ್ ಅಂತ ಹುಡುಕಿದ ಕೂಡಲೇ ಕಂಡಿದ್ದು "ಇಗ್ನಿಷನ್ ಕಾಯಿಲ್" ಅನ್ನೋ ಉತ್ತರ. ಪ್ರತಿ ಸಿಲಿಂಡರಿನ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತೆ. ಬ್ಯಾಟರಿಯ 12 ವೋಲ್ಟನ್ನ ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುತ್ತೆ. ಸರಿ, ಮಂಗಳವಾರ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಜೆ.ಸಿ. ರೋಡಿಗೆ ಹೋದೆ. ಬೆಂಗಳೂರಲ್ಲಿ ಗಾಡಿ ಸಾಮಾನು ಅಂದ್ರೆ ಜೆ.ಸಿ. ರೋಡು ತಾನೆ. ಅಂಗಡಿಯವರು ಕೇಳಿದ್ರು, "ಮೇಡಂ, ಮೆಕ್ಯಾನಿಕ್ ಬಂದಿಲ್ವಾ?" "ನಾನೇ ಹಾಕ್ಕೋತೀನಿ" ಅಂದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. "ಚೆಕ್ ಮಾಡಿದ್ದೀರಾ? ಎಲೆಕ್ಟ್ರಿಕಲ್ ಐಟಂ ವಾಪಸ್ ತಗೊಳ್ಳಲ್ಲ" ಅಂದ್ರು. ಚೆಕ್ ಮಾಡಿದ್ದೀನಿ ಅಂದೆ. 1,900 ರೂಪಾಯಿ ಕೊಟ್ಟು ತಂದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೀ ತೆಗೆದು ಜೇಬಿಗೆ ಹಾಕ್ಕೊಂಡು, 10 ನಂಬರ್ ಪಾನಾದಲ್ಲಿ ಒಂದೇ ಒಂದು ಬೋಲ್ಟ್ ಬಿಚ್ಚಿ, ಕನೆಕ್ಟರ್ ಕಿತ್ತು, ಹೊಸ ಕಾಯಿಲ್ ಹಾಕಿದೆ. ಹತ್ತು ನಿಮಿಷದ ಕೆಲಸ. ಎಷ್ಟು ಖುಷಿಯಾಯ್ತು ಅಂದ್ರೆ ಅಮ್ಮನನ್ನೂ ಆಚೆ ಕರೆದು ನಿಲ್ಲಿಸಿಕೊಂಡೆ. ಸ್ಟಾರ್ಟ್ ಮಾಡಿದೆ. ಗಾಡಿ ಮೊದಲಿನ ಹಾಗೇ ನಡುಗ್ತು.

ಅಮ್ಮ ಏನೂ ಮಾತಾಡದೆ ಒಳಗೆ ಹೋದಳು. ಅಪ್ಪ "ಇರಲಿ ಬಿಡು ಪುಟ್ಟಿ" ಅಂದ್ರು. ಆ "ಇರಲಿ ಬಿಡು" ಕೇಳಿದಾಗ 41,500ಕ್ಕಿಂತ ಜಾಸ್ತಿ ನೋವಾಯ್ತು.

ತಾಳೆ ಆಗದ ಲೆಕ್ಕ

ಆ ರಾತ್ರಿ ನನಗೆ ನನ್ನದೇ ಪಾಠ ನೆನಪಾಯ್ತು. ಬಿ.ಕಾಂ ಓದಿದೋರಿಗೆ ಗೊತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ಇಡೀ ಪುಸ್ತಕ ಹರಿದು ಹೊಸದಾಗಿ ಬರೆಯಲ್ಲ. ವ್ಯತ್ಯಾಸ ಎಷ್ಟು ಅಂತ ಮೊದಲು ನೋಡ್ತೀವಿ. ಅದು ಒಂಬತ್ತರಿಂದ ಭಾಗ ಹೋದ್ರೆ, ಎಲ್ಲೋ 54 ಬರೆಯೋ ಕಡೆ 45 ಬರೆದಿರಬಹುದು ಅಂತ ಹುಡುಕ್ತೀವಿ. ಪಿ0302 ಅನ್ನೋದು ಆ ವ್ಯತ್ಯಾಸದ ಮೊತ್ತ ಇದ್ದ ಹಾಗೆ. ಎರಡನೇ ಸಿಲಿಂಡರಿನ ಲೆಕ್ಕ ತಾಳೆ ಆಗ್ತಿಲ್ಲ ಅಂತ ಹೇಳುತ್ತೆ. ಯಾವ ಎಂಟ್ರಿ ತಪ್ಪು ಅಂತ ಹೇಳಲ್ಲ. ಹುಡುಕಬೇಕಾದವರು ನಾವು. ನಾನು ಹುಡುಕದೆ ಮೊದಲ ಹೆಸರು ಕಂಡ ತಕ್ಷಣ ಕಾಸು ಕೊಟ್ಟಿದ್ದೆ. ಗ್ಯಾರೇಜಿನವರು ಮೂರು ಕಾಯಿಲ್ ಬರೆದಿದ್ರು, ನಾನು ಒಂದು ತಂದಿದ್ದೆ. ತಪ್ಪು ಒಂದೇ, ಮೊತ್ತ ಮಾತ್ರ ಬೇರೆ.

ಒಂದು ಸಿಲಿಂಡರ್ ಉರಿಯೋಕೆ ನಾಲ್ಕು ಬೇಕು: ಗಾಳಿ, ಪೆಟ್ರೋಲ್, ಕಿಡಿ, ಒತ್ತಡ. ಬರೀ ಒಂದೇ ಸಿಲಿಂಡರ್ ಮಿಸ್ ಆಗ್ತಿದ್ರೆ ತೊಂದರೆ ಆ ಸಿಲಿಂಡರಿಗೆ ಮಾತ್ರ ಸೇರಿದ ಭಾಗದಲ್ಲಿ ಇರೋ ಸಾಧ್ಯತೆ ಜಾಸ್ತಿ: ಅದರ ಕಾಯಿಲ್, ಅದರ ಪ್ಲಗ್, ಅದರ ಇಂಜೆಕ್ಟರ್, ಅದಕ್ಕೆ ಹೋಗೋ ವೈರ್, ಅದರ ವಾಲ್ವ್. ಪೆಟ್ರೋಲ್ ಪಂಪೋ, ಏರ್ ಫಿಲ್ಟರೋ ಹಾಳಾಗಿದ್ರೆ ಸಾಮಾನ್ಯವಾಗಿ ಮೂರಕ್ಕೂ ತೊಂದರೆ ಆಗ್ತಿತ್ತು.

ಇಲ್ಲಿ ಬರುತ್ತೆ ಅದಲು ಬದಲು ಪರೀಕ್ಷೆ. ಖರ್ಚಿಲ್ಲ. ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದನೇದಕ್ಕೆ ಹಾಕಿ, ಒಂದನೇದರದ್ದನ್ನ ಎರಡನೇದಕ್ಕೆ. ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ, ಮತ್ತೆ ಓದಿ. ಈಗ ಪಿ0301 ಬಂದ್ರೆ, ತೊಂದರೆ ಕಾಯಿಲ್ ಜೊತೆಗೇ ಹೋಯ್ತು, ಕಾಯಿಲ್ಲೇ ಕೆಟ್ಟಿದೆ. ಮತ್ತೆ ಪಿ0302ನೇ ಬಂದ್ರೆ ಕಾಯಿಲ್ ಚೆನ್ನಾಗಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗಲ್ಲ. ಒಂದನೇ ಸಿಲಿಂಡರ್ ಯಾವ ಕಡೆ ಅನ್ನೋದನ್ನ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ನೋಡ್ಕೊಳ್ಳಿ, ಊಹೆ ಮಾಡಬೇಡಿ.

ಬುಧವಾರ ಬೆಳಗ್ಗೆ ಹಳೇ ಕಾಯಿಲ್‌ಗಳನ್ನೇ ಅದಲು ಬದಲು ಮಾಡಿದೆ. ಪಿ0302. ಅಂದ್ರೆ ಹಳೇ ಕಾಯಿಲ್ ಮೊದಲಿಂದಲೂ ಸರಿಯಾಗೇ ಇತ್ತು. 1,900 ರೂಪಾಯಿಗೆ ಅಲ್ಲೇ ತರ್ಪಣ.

ಆಮೇಲೆ ಪ್ಲಗ್. ತಣ್ಣಗಿನ ಇಂಜಿನ್ನಲ್ಲೇ ಬಿಚ್ಚಬೇಕು, ಬಿಸಿಯಲ್ಲಿ ಬಿಚ್ಚಿದ್ರೆ ಅಲ್ಯೂಮಿನಿಯಂ ಮರೆ ಹಾಳಾಗಬಹುದು. ಬಿಚ್ಚೋ ಮುಂಚೆ ಗುಂಡಿಯಲ್ಲಿರೋ ಧೂಳನ್ನ ಊದಿ ತೆಗೀಬೇಕು, ಇಲ್ಲಾಂದ್ರೆ ಸಿಲಿಂಡರ್ ಒಳಗೆ ಬೀಳುತ್ತೆ. ಪ್ಲಗ್ಗಿನ ತುದಿಯ ಬಣ್ಣ ನೋಡಿ. ತಿಳಿ ಕಂದು ಇದ್ರೆ ಆರೋಗ್ಯ. ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಇಲ್ಲಾ ಕಿಡಿ ಸಾಲ್ತಿಲ್ಲ. ಆಯಿಲ್ ಅಂಟಿದ್ರೆ ಇಂಜಿನ್ ಆಯಿಲ್ ಒಳಗೆ ಇಳೀತಿದೆ, ಅದು ದೊಡ್ಡ ಕೆಲಸ. ನಮ್ಮಲ್ಲಿ ಒಂದು, ಮೂರು ಕಂದು. ಎರಡನೇದು ಒದ್ದೆ, ಪೆಟ್ರೋಲ್ ವಾಸನೆ. ಅಂದ್ರೆ ಪೆಟ್ರೋಲ್ ಬರ್ತಿದೆ, ಇಂಜೆಕ್ಟರ್ ಕೆಲಸ ಮಾಡ್ತಿದೆ, ಕಿಡಿ ಸಿಗ್ತಿಲ್ಲ. ಎರಡನೇ ಪ್ಲಗ್ಗನ್ನ ಒರೆಸಿ ಮೂರನೇದಕ್ಕೆ ಹಾಕಿದೆ, ಮೂರನೇದನ್ನ ಎರಡಕ್ಕೆ. ಮತ್ತೆ ಪಿ0302.

ಕಾಯಿಲ್ ಅಲ್ಲ, ಪ್ಲಗ್ ಅಲ್ಲ. ಕಿಡಿ ಇಲ್ಲ. ಉಳಿದಿದ್ದು ಏನು?

ಅಪ್ಪ ಅಷ್ಟೊತ್ತಿಗೆ ಕನ್ನಡಕ ಹಾಕ್ಕೊಂಡು, ಮೊಬೈಲ್ ಟಾರ್ಚ್ ಹಿಡಿದು, ನನ್ನ ಪಕ್ಕದಲ್ಲಿ ಬಗ್ಗಿ ನಿಂತಿದ್ರು. ಹನ್ನೊಂದು ದಿನ ಮುಚ್ಚಿಟ್ಟಿದ್ದನ್ನ ಈಗ ಅವರೇ ಹುಡುಕ್ತಿದ್ರು.

"ಪುಟ್ಟಿ, ಇಲ್ಲಿ ನೋಡು. ಇಂಜಿನ್ ಮೇಲೆ ಕಡ್ಲೆಕಾಯಿ ಸಿಪ್ಪೆ ಎಲ್ಲಿಂದ ಬಂತು?"

ಬ್ಯಾಟರಿ ಪಕ್ಕದ ಸಂದಿಯಲ್ಲಿ ಒಂದು ಹಿಡಿ ಕಡ್ಲೆಕಾಯಿ ಸಿಪ್ಪೆ, ತೆಂಗಿನ ನಾರು, ಹಿಕ್ಕೆ. ನಮ್ಮನೆ ಪಕ್ಕದ್ದು ಖಾಲಿ ಸೈಟು, ಮಳೆಗೆ ಗಿಡ ಎದೆಯುದ್ದ ಬೆಳೆದಿದೆ. ರಾತ್ರಿ ಇಂಜಿನ್ ಬೆಚ್ಚಗಿರುತ್ತೆ, ಇಲಿಗೆ ಬೇರೆ ಇನ್ನೇನು ಬೇಕು? ಅಲ್ಲಿಂದ ವೈರುಗಳನ್ನ ಹಿಡ್ಕೊಂಡು ಬಂದ್ರೆ, ಎರಡನೇ ಕಾಯಿಲ್ ಕನೆಕ್ಟರಿನ ಹಿಂದೆ ನಾಲ್ಕು ಬೆರಳು ದೂರದಲ್ಲಿ ಒಂದು ವೈರಿನ ಮೇಲ್ಸಿಪ್ಪೆ ಪೂರ್ತಿ ಇಲ್ಲ. ಒಳಗಿನ ತಾಮ್ರದ ಎಳೆ ಎರಡೋ ಮೂರೋ ಉಳಿದಿವೆ, ಹಸಿರು ಪಾಚಿ ಕಟ್ಟಿದೆ. ತೇವ ಇದ್ದಾಗ, ಗಾಡಿ ನಡುಗಿದಾಗ ಸಂಪರ್ಕ ತಪ್ಪುತ್ತೆ. ಬೆಳಗಿನ ಫ್ರೀಜ್ ಫ್ರೇಮ್ ಅದನ್ನೇ ಹೇಳ್ತಿತ್ತು. ವೈರ್ ಪೂರ್ತಿ ತುಂಡಾಗಿದ್ರೆ ಕಾಯಿಲ್ ಸರ್ಕ್ಯೂಟಿನ ಕೋಡ್, ಪಿ0352, ಬರಬಹುದಿತ್ತು. ಆ ಎರಡು ಎಳೆ ನಮ್ಮನ್ನ ದಾರಿ ತಪ್ಪಿಸಿದ್ವು.

ಎಲ್ಲಿ ನಿಲ್ಲಿಸಬೇಕು

ಇನ್ಸುಲೇಷನ್ ಟೇಪ್ ಮನೆಯಲ್ಲೇ ಇತ್ತು. ಸುತ್ತಿಬಿಡೋಣ ಅಂತ ಕೈ ಹೋಯ್ತು. ಸುತ್ತಲಿಲ್ಲ. ಇಂಜಿನ್ ಬಿಸಿಗೆ ಆ ಟೇಪಿನ ಅಂಟು ಕರಗುತ್ತೆ, ಬೇರೆ ವೈರಿಗೆ ತಾಗಿ ಶಾರ್ಟ್ ಆದ್ರೆ ಇಸಿಯು ಹೋಗುತ್ತೆ. ಗುರುವಾರ ಬೆಳಗ್ಗೆ ಏಳೂವರೆಗೆ ಕನಕಪುರ ರಸ್ತೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅಣ್ಣ ಮನೆಗೇ ಬಂದ್ರು. ನಾನು ಏನು ಹೇಳಿದೆ ಗೊತ್ತಾ? "ಪಿ0302 ಬರ್ತಿದೆ, ಕಾಯಿಲ್ ಪ್ಲಗ್ ಎರಡೂ ಅದಲು ಬದಲು ಮಾಡಿ ನೋಡಿದ್ದೀನಿ, ಎರಡನೇ ಕಾಯಿಲ್ ವೈರ್ ಇಲಿ ಕಡಿದಿದೆ." ಅವರು ಅಪ್ಪನ ಕಡೆ ತಿರುಗಿದ್ದವರು ನನ್ನ ಕಡೆ ತಿರುಗಿದ್ರು. ಆಮೇಲೆ ಪೂರ್ತಿ ಮಾತು ನನ್ನ ಜೊತೆಗೇ.

ಬ್ಯಾಟರಿ ಟರ್ಮಿನಲ್ ಬಿಚ್ಚಿ, ಕೆಟ್ಟ ತುಂಡು ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಅದರ ಮೇಲೆ ಪೈಪು. ಅರ್ಧ ಗಂಟೆ, 450 ರೂಪಾಯಿ. ಪ್ಲಗ್‌ಗಳು 46,000 ಕಿಲೋಮೀಟರ್ ಓಡಿದ್ವು. ನಮ್ಮ ಮ್ಯಾನ್ಯುಯಲ್ ಪ್ರಕಾರ 40,000ಕ್ಕೇ ಬದಲಿಸಬೇಕಿತ್ತು, ಅವನ್ನೂ ಹಾಕಿಸಿದೆ, ಮೂರಕ್ಕೆ 690. ಹತ್ತು ಗಂಟೆಗೆ ಅಮ್ಮ ಮುಂದಿನ ಸೀಟಲ್ಲಿ ಕಾಲು ಚಾಚ್ಕೊಂಡು ಜಯನಗರಕ್ಕೆ ಹೋದಳು.

ಕ್ಯಾಟಲಿಟಿಕ್ ಕನ್ವರ್ಟರ್? ಅದರ ದಕ್ಷತೆ ಕಡಿಮೆಯಾದ್ರೆ ಬರೋ ಕೋಡ್ ಪಿ0420. ಕೋಡ್ ಅಳಿಸಿದ ಕೂಡಲೇ ನೋಡಿ ಸಮಾಧಾನ ಪಟ್ಕೋಬೇಡಿ, ಇಸಿಯು ಮತ್ತೆ ಪರೀಕ್ಷೆ ಮುಗಿಸೋಕೆ ಕೆಲವು ದಿನ ಬೇರೆ ಬೇರೆ ವೇಗದಲ್ಲಿ ಓಡಿಸಬೇಕು. ಹತ್ತು ದಿನ ಬಿಟ್ಟು ಓದಿದೆ, ಪರೀಕ್ಷೆ ಮುಗಿದಿತ್ತು, ಕೋಡ್ ಇರಲಿಲ್ಲ. ಎಮಿಷನ್ ಟೆಸ್ಟಿಗೂ ಹೋದೆವು. ಆ ಚೀಟಿಯಲ್ಲಿ ಎಚ್‌ಸಿ ಅಂತ ಒಂದು ಸಾಲಿರುತ್ತೆ, ಹೈಡ್ರೋಕಾರ್ಬನ್. ಅಂದ್ರೆ ಉರಿಯದೆ ಆಚೆ ಬಂದ ಪೆಟ್ರೋಲ್. ಮಿತಿಯೊಳಗೇ ಇತ್ತು. ನಾವು ವರ್ಷಗಟ್ಟಲೆ ಪೊಲೀಸರಿಗೆ ತೋರಿಸೋಕೆ ಅಂತ ಇಟ್ಕೊಳ್ಳೋ ಚೀಟಿ, ಓದೋಕೂ ಬರುತ್ತೆ ಅಂತ ಅವತ್ತು ಗೊತ್ತಾಯ್ತು.

ಲೆಕ್ಕ ಹೇಳ್ಬೇಕಲ್ಲ, ಅಭ್ಯಾಸಬಲ. ಸ್ಕ್ಯಾನರ್ 899, ಪ್ಲಗ್ 690, ವೈರಿಂಗ್ 450. ಒಟ್ಟು 2,039. ನನ್ನ ಅವಸರದ ಕಾಯಿಲ್ ಸೇರಿಸಿದ್ರೆ 3,939.

ಆ ಗ್ಯಾರೇಜಿನವರು ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ದಿನಕ್ಕೆ ಹತ್ತಾರು ಗಾಡಿ ಬರೋ ಕಡೆ ವೈರ್ ಹಿಡ್ಕೊಂಡು ಹುಡುಕೋಕೆ ಯಾರಿಗೂ ಪುರುಸೊತ್ತಿರಲ್ಲ. ಕೆಟ್ಟಿರಬಹುದಾದ್ದನ್ನೆಲ್ಲ ಬರೆದು ಬಿಡ್ತಾರೆ. ಆದ್ರೆ ಆ ಚೀಟಿ ಹಿಡಿದು "ಯಾಕೆ?" ಅಂತ ಕೇಳೋ ಧೈರ್ಯ ಅಪ್ಪನಿಗೆ ಬರಲಿಲ್ಲ. ಏನು ಕೇಳಬೇಕು ಅಂತಾನೇ ಗೊತ್ತಿರಲಿಲ್ಲ. ಈ ಸಂಚಿಕೆಯಿಂದ ನೀವು ಒಂದು ತಗೊಂಡು ಹೋಗೋದಾದ್ರೆ ಆ ಪ್ರಶ್ನೆ ತಗೊಂಡು ಹೋಗಿ. ಯಾವ ಕೋಡ್ ಬಂತು? ಯಾವ ಸಿಲಿಂಡರ್? ಅದಲು ಬದಲು ಮಾಡಿ ನೋಡಿದ್ರಾ? ಹಳೇ ಭಾಗ ನನಗೆ ವಾಪಸ್ ಕೊಡ್ತೀರಾ? ಇಷ್ಟು ಕೇಳೋಕೆ ಪಾನಾ ಹಿಡಿಯೋದು ಬರಬೇಕಾಗಿಲ್ಲ.

ಮನೆಯಲ್ಲಿ ಮಾಡಬಾರದ್ದನ್ನೂ ಹೇಳಿಬಿಡ್ತೀನಿ. ಇಂಜಿನ್ ಓಡ್ತಿರುವಾಗ ಕಾಯಿಲ್ ಕೀಳಬೇಡಿ, ಅಲ್ಲಿರೋದು ಸಾವಿರಾರು ವೋಲ್ಟ್. ಇಂಜೆಕ್ಟರ್, ಪೆಟ್ರೋಲ್ ಪೈಪ್ ಮುಟ್ಟಬೇಡಿ, ಒತ್ತಡದಲ್ಲಿ ಪೆಟ್ರೋಲ್ ಇರುತ್ತೆ. ಕಿಡಿ ಇದೆ, ಪೆಟ್ರೋಲ್ ಇದೆ, ಆದ್ರೂ ಮಿಸ್ಸಿಂಗ್ ಅಂದ್ರೆ ಕಂಪ್ರೆಷನ್ ಟೆಸ್ಟ್ ಆಗಬೇಕು, ಅದು ಗ್ಯಾರೇಜಿನ ಕೆಲಸ. ವಾರಂಟಿ ಇರೋ ಹೊಸ ಗಾಡಿ ಬಿಚ್ಚಲೇಬೇಡಿ. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಇವತ್ತು ಹೇಳಿದ ಪ್ಲಗ್, ಕಾಯಿಲ್ ಪರೀಕ್ಷೆ ಅದಕ್ಕೆ ಅನ್ವಯಿಸಲ್ಲ.

ಇನ್ನೊಂದು, ಈಗಲೇ ಮಾಡಬಹುದಾದ್ದು. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಚೆಕ್ ಇಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದ್ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಲೈಟೇ ಕೆಟ್ಟಿರಬಹುದು, ಇಲ್ಲಾ ಯಾರೋ ಕಿತ್ತಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಮೊದಲು ಇದನ್ನ ನೋಡಿ. ಎಲ್ಲರೂ ಸ್ಟಿಕ್ಕರ್ ಬೊಟ್ಟು ಅಂಟಿಸಿ ಮುಚ್ಚಲ್ಲ.

ನಮ್ಮ ಮೀಟರ್ ಬೋರ್ಡಿನ ಮೇಲೆ ಆ ಬೊಟ್ಟಿನ ಅಂಟು ಇನ್ನೂ ದುಂಡಗೆ ಇದೆ, ಒರೆಸಿದ್ರೂ ಹೋಗ್ತಿಲ್ಲ. ಅಪ್ಪ ಇಲಿಗೆ ಅಂತ ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟಿದ್ದಾರೆ. ನಾನು ದಿನಾ ರಾತ್ರಿ ಟಾರ್ಚ್ ಹಾಕಿ ವೈರ್ ನೋಡ್ತೀನಿ. ಮೊನ್ನೆ ಎಡಗಡೆ ಟೈರಿನಿಂದ ಏನೋ ಸದ್ದು ಬರ್ತಿತ್ತಂತೆ. ಅಪ್ಪ ಗಾಡಿ ನಿಲ್ಲಿಸಿದ ತಕ್ಷಣ ನನಗೆ ಫೋನ್ ಮಾಡಿದ್ರು. ಟೈರಿಗೆ ಒಂದು ಕಲ್ಲು ಸಿಕ್ಕಿಕೊಂಡಿತ್ತು, ಅಷ್ಟೇ. ಆದ್ರೂ ಫೋನ್ ಮಾಡಿದ್ರಲ್ಲ.

ನಿಮ್ಮನೆ ಗಾಡಿಯ ಕಥೆ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.